ಪೆಸಿಫಿಕ್ ತೀರದಲ್ಲಿ ಆರು ಜನರ ಆರ್‌ವಿ ಪ್ರವಾಸ: ಎಲ್ಲಿ ತಂಗಬೇಕು, ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಹೇಮಾವತಿತೀರ (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಹಾಸನದಿಂದ ನನ್ನ ಅಪ್ಪ ಅಮ್ಮ ಜೂನ್‌ನಲ್ಲಿ ಬಂದು ಅಕ್ಟೋಬರ್ ಕೊನೆಯವರೆಗೆ ನಮ್ಮೊಡನೆ ಇರಲಿದ್ದಾರೆ. ಅಪ್ಪನವರು ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತು ವರ್ಷ ಚಾಲಕರಾಗಿದ್ದವರು. ಅದರಲ್ಲಿ ಹೆಚ್ಚಿನ ಕಾಲ ಶಿರಾಡಿ ಘಾಟಿಯಲ್ಲಿ ಹಾಸನ, ಮಂಗಳೂರುಗಳ ನಡುವೆ ಬಸ್ಸು ಓಡಿಸಿದ್ದಾರೆ. ಹಿಂದಿನ ಸಲ ಇಲ್ಲಿಗೆ ಬಂದಿದ್ದಾಗ ಹೆದ್ದಾರಿಯಲ್ಲಿ ಒಂದು ಆರ್‌ವಿಯನ್ನು, ಅಂದರೆ ಒಳಗೇ ವಾಸ ಮಾಡಬಹುದಾದ ಪ್ರವಾಸದ ಗಾಡಿಯನ್ನು, ನೋಡಿ, ಅದು ಕಣ್ಮರೆಯಾಗುವವರೆಗೂ ತಿರುಗಿ ನೋಡುತ್ತಿದ್ದರು. ಅದರೊಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುತ್ತವೆ ಎಂದು ಹೇಳಿದಾಗ ಒಮ್ಮೆ ಅದರ ಮುಂದಿನ ಸೀಟಿನಲ್ಲಿ ಕೂರಬೇಕು ಎಂದರು. ಈ ಸಲ ಆ ಆಸೆಯನ್ನು ತೀರಿಸಬೇಕೆಂದು ನಾನು ಮತ್ತು ನನ್ನ ಪತ್ನಿ ನಿರ್ಧರಿಸಿದ್ದೇವೆ.

ಅಪ್ಪನಿಗೆ 71 ವರ್ಷ, ಅಮ್ಮನಿಗೆ 66. ಅಮ್ಮನಿಗೆ ಮಂಡಿನೋವಿದ್ದು, ರಾತ್ರಿ ಎರಡು ಮೂರು ಬಾರಿ ಎದ್ದು ಬಚ್ಚಲುಮನೆಗೆ ಹೋಗಬೇಕಾಗುತ್ತದೆ. ಅಪ್ಪ ಮಲಗುವಾಗ ಸಿಪ್ಯಾಪ್ ಎಂಬ, ಉಸಿರಾಟಕ್ಕೆ ನೆರವಾಗುವ ವಿದ್ಯುತ್ ಯಂತ್ರ ಹಾಕಿಕೊಳ್ಳುತ್ತಾರೆ. ಮಕ್ಕಳಿಗೆ 9 ಮತ್ತು 5 ವರ್ಷ. ನಾವು ಯೋಚಿಸಿರುವುದು ಹೀಗೆ: ಜುಲೈ ತಿಂಗಳಲ್ಲಿ ಐದು ದಿನ, 30 ಅಡಿಯ ಆರ್‌ವಿ, ಮಾಂಟೆರೆಯಿಂದ ಹೆದ್ದಾರಿ 1ರಲ್ಲಿ ಬಿಗ್ ಸರ್ ಎಂಬ ಗುಡ್ಡಗಾಡಿನ ಕಡಲತೀರದ ಮೂಲಕ ಸಾಂತಾ ಬಾರ್ಬರಾವರೆಗೆ, ಪ್ರತಿ ರಾತ್ರಿ ಒಂದೊಂದು ಹೊಸ ಜಾಗದಲ್ಲಿ ಕಡಲಿಗೆ ಆದಷ್ಟು ಹತ್ತಿರ ತಂಗುವುದು, ಅಡುಗೆಯನ್ನು ಗಾಡಿಯಲ್ಲೇ ಮಾಡಿಕೊಳ್ಳುವುದು. ನಮಗೆ ಆರ್‌ವಿಯ ಅನುಭವ ಸ್ವಲ್ಪವೂ ಇಲ್ಲ. ಈ ಯೋಜನೆಯಲ್ಲಿ ಏನು ತಪ್ಪಿದೆ, ಏನನ್ನು ಬದಲಾಯಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ಚಕ್ರತೀರ್ಥ (ಫ್ರೀಮಾಂಟ್)

ನಮಸ್ಕಾರ. ಎಂಟು ವರ್ಷಗಳಿಂದ ವರ್ಷಕ್ಕೊಮ್ಮೆಯಾದರೂ ಆರ್‌ವಿ ಬಾಡಿಗೆಗೆ ಪಡೆದು ಈ ಕರಾವಳಿಗೆ ಹೋಗುತ್ತಿರುವವನಾಗಿ, ತಮ್ಮ ಯೋಜನೆಯಲ್ಲಿ ಮೂರು ಸಂಗತಿಗಳನ್ನು ಬದಲಾಯಿಸಲೇಬೇಕು ಎಂದು ಹೇಳುತ್ತೇನೆ. ತಿಂಗಳು, ದಾರಿ, ಮತ್ತು ಪ್ರತಿ ರಾತ್ರಿ ಜಾಗ ಬದಲಿಸುವ ಆಲೋಚನೆ.

ಮೊದಲು ತಿಂಗಳ ವಿಷಯ. ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳಿಗೆ ರಿಸರ್ವ್‌ಕ್ಯಾಲಿಫೋರ್ನಿಯಾ ಎಂಬ ಜಾಲತಾಣದಲ್ಲಿ ಆರು ತಿಂಗಳು ಮುಂಚಿತವಾಗಿ, ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಕಡಲತೀರದ ಜಾಗಗಳು ಬೇಸಿಗೆಯ ದಿನಗಳಿಗೆ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ನಾವೀಗ ಮಾರ್ಚ್‌ನಲ್ಲಿದ್ದೇವೆ, ಆದ್ದರಿಂದ ಜುಲೈ ದಿನಗಳನ್ನು ಜನರು ಜನವರಿಯಲ್ಲೇ ಹಿಡಿದಾಗಿದೆ. ಯಾರಾದರೂ ರದ್ದು ಮಾಡಿದರೆ ಮಾತ್ರ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಜೂನ್ ಜುಲೈಗಳಲ್ಲಿ ಈ ತೀರದ ಮೇಲೆ ಕಡಲಿನಿಂದ ಬರುವ ಮಂಜು ಮಧ್ಯಾಹ್ನದವರೆಗೂ, ಕೆಲವೊಮ್ಮೆ ಇಡೀ ದಿನ, ಕವಿದಿರುತ್ತದೆ. ಸನ್ನಿವೇಲ್‌ನಲ್ಲಿ 32 ಡಿಗ್ರಿ ಬಿಸಿಲಿರುವ ದಿನವೇ ಮೊರೊ ಬೇ ಊರಿನಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತದ್ದು ನನಗೆ ನೆನಪಿದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಇಲ್ಲಿನ ನಿಜವಾದ ಒಳ್ಳೆಯ ಕಾಲ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಎನ್ನುವುದಾದರೆ ಸೆಪ್ಟೆಂಬರ್ ಕೊನೆಯ ವಾರವನ್ನು ಆರಿಸಿಕೊಳ್ಳಿ. ಅದರ ಬುಕಿಂಗ್ ಈ ತಿಂಗಳ ಕೊನೆಯಲ್ಲೇ ತೆರೆಯುತ್ತದೆ.

ಎರಡನೆಯದು ದಾರಿ. ಬಿಗ್ ಸರ್ ಮೂಲಕ ಹೋಗುವ ಹೆದ್ದಾರಿ 1 ಅಪ್ರತಿಮವಾದ ದಾರಿಯೇ. ಆದರೆ ಅದನ್ನು ಮೊದಲ ಬಾರಿ 30 ಅಡಿಯ ಗಾಡಿಯಲ್ಲಿ, ವಯಸ್ಸಾದವರನ್ನು ಕೂರಿಸಿಕೊಂಡು ಓಡಿಸುವುದನ್ನು ನಾನು ಒಪ್ಪಲಾರೆ. ದಕ್ಷಿಣಕ್ಕೆ ಹೋಗುವಾಗ ನಮ್ಮ ಲೇನ್ ಕಡಲ ಬದಿಯದು. ಚಾಲಕನ ಕಣ್ಣು ರಸ್ತೆಯಿಂದ ಒಂದು ಕ್ಷಣವೂ ಕದಲುವಂತಿಲ್ಲ. ಅಲ್ಲಿ ಗುಡ್ಡಕುಸಿತವೂ ಹೊಸದಲ್ಲ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡವೇ ಜಾರಿ ರಸ್ತೆಯ ಮೇಲೆ ಬಿದ್ದು, ಅದು ಮತ್ತೆ ತೆರೆದದ್ದು 2018ರ ಜುಲೈನಲ್ಲಿ. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕ್ ಬಳಿ ಮಳೆನೀರು ರಸ್ತೆಯ ಒಂದು ತುಂಡನ್ನೇ ಕಡಲಿಗೆ ಕೊಚ್ಚಿಕೊಂಡು ಹೋಯಿತು. ನಮ್ಮ ಶಿರಾಡಿಯಲ್ಲಿ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಕಂಡಿರುವ ತಮ್ಮ ತಂದೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಹೆದ್ದಾರಿ 101 ಹಿಡಿಯಿರಿ. ಸಾಲಿನಾಸ್ ಕಣಿವೆಯ ಉದ್ದಕ್ಕೂ ನೇರವಾದ, ಅಗಲವಾದ ದಾರಿ. ಅಟಾಸ್ಕಡೆರೊ ಬಳಿ ಹೆದ್ದಾರಿ 41ಕ್ಕೆ ತಿರುಗಿದರೆ ಮೊರೊ ಬೇ ತಲುಪಬಹುದು. ಆದರೆ ಆ ರಸ್ತೆಯಲ್ಲಿ ತಿರುವುಗಳಿವೆ. ಅದಕ್ಕಿಂತ 101ರಲ್ಲೇ ಮುಂದುವರಿದು ಸ್ಯಾನ್ ಲೂಯಿಸ್ ಒಬಿಸ್ಪೊ ಮುಟ್ಟಿ, ಅಲ್ಲಿಂದ ಹೆದ್ದಾರಿ 1ರಲ್ಲಿ ಹಿಂದಕ್ಕೆ ವಾಯವ್ಯ ದಿಕ್ಕಿಗೆ ಬರುವುದು ಉತ್ತಮ. ಈ ತುಂಡು ನಾಲ್ಕು ಲೇನಿನ ಸಲೀಸಾದ ರಸ್ತೆ. 101ರಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಮುಟ್ಟುವ ಮೊದಲು ಕ್ವೆಸ್ಟಾ ಗ್ರೇಡ್ ಎಂಬ ಶೇಕಡಾ 7ರ ಇಳಿಜಾರು ಬರುತ್ತದೆ. ಇಳಿಯಲು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಇಲ್ಲಿ ತಂದೆಯವರು ಪಕ್ಕದಲ್ಲಿದ್ದರೆ ತಮಗೆ ಧೈರ್ಯ. ಇನ್ನೊಂದು ನಿಯಮವನ್ನೂ ಹೇಳಿಬಿಡುತ್ತೇನೆ: ಎರಡು ಲೇನಿನ ರಸ್ತೆಯಲ್ಲಿ ತಾವು ನಿಧಾನವಾಗಿ ಹೋಗುತ್ತಿದ್ದು, ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸಾಲುಗಟ್ಟಿದರೆ, ಸುರಕ್ಷಿತವಾದ ಮೊದಲ ಜಾಗದಲ್ಲಿ ಬದಿಗೆ ಸರಿದು ದಾರಿ ಬಿಡಬೇಕೆಂದು ಈ ರಾಜ್ಯದ ಕಾನೂನೇ ಹೇಳುತ್ತದೆ.

ಮೂರನೆಯದು, ದಿನಕ್ಕೊಂದು ಜಾಗ ಬೇಡ. ಜಾಗ ಬದಲಿಸುವುದೆಂದರೆ ಪಾತ್ರೆ ಕಟ್ಟುವುದು, ನೀರಿನ ಪೈಪು ಕಳಚುವುದು, ಕೊಳಕುನೀರು ಖಾಲಿ ಮಾಡುವುದು, ಮತ್ತೆ ಹೋದಲ್ಲಿ ಚಕ್ರದಡಿ ಹಲಗೆ ಇಟ್ಟು ಗಾಡಿಯನ್ನು ಸಮ ಮಾಡುವುದು. ಅರ್ಧ ದಿನ ಅಲ್ಲಿಗೇ ಮುಗಿಯುತ್ತದೆ. ಒಂದೇ ಜಾಗದಲ್ಲಿ ನಾಲ್ಕು ರಾತ್ರಿ ಇರಿ.

ಉತ್ತರ 2: ಅಬ್ಬಕ್ಕ (ಸಾಂತಾ ಕ್ಲಾರಾ)

ಚಕ್ರತೀರ್ಥ ಅವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ತಮ್ಮ ಪ್ರಶ್ನೆಯಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋದ ಸಿಪ್ಯಾಪ್ ಯಂತ್ರದ ವಿಷಯವೇ ತಮ್ಮ ಇಡೀ ಪ್ರವಾಸದ ಜಾಗವನ್ನು ನಿರ್ಧರಿಸಬೇಕಾದ ಅಂಶ ಎಂದು ನನಗೆ ಅನ್ನಿಸುತ್ತದೆ. ವಿದ್ಯುತ್ ಸಂಪರ್ಕ, ಅಂದರೆ ಹುಕಪ್, ಇಲ್ಲದ ಜಾಗದಲ್ಲಿ ಆರ್‌ವಿಯ ಬ್ಯಾಟರಿಯಿಂದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇಂಥವು ಮಾತ್ರ ನಡೆಯುತ್ತವೆ. ಗೋಡೆಯ ಪ್ಲಗ್ಗಿಗೆ ಕರೆಂಟು ಬೇಕೆಂದರೆ ಸಾಮಾನ್ಯವಾಗಿ ಜನರೇಟರ್ ಹಾಕಬೇಕು. ರಾಜ್ಯ ಉದ್ಯಾನಗಳಲ್ಲಿ ಜನರೇಟರ್ ಹಾಕಲು ಅನುಮತಿಯಿರುವುದು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಅಪ್ಪನವರು ಮಲಗುವ ಹೊತ್ತಿಗೆ ಅದನ್ನು ಆರಿಸಿರಬೇಕು. ಆದ್ದರಿಂದ ತಮಗೆ ಹುಕಪ್ ಇರುವ ಜಾಗವೇ ಬೇಕು.

ಕಡಲಂಚಿನ ರಾಜ್ಯ ಉದ್ಯಾನಗಳಲ್ಲಿ ಹುಕಪ್ ಇರುವ ಜಾಗಗಳು ಕಡಿಮೆ. ಸ್ಯಾನ್ ಸಿಮಿಯನ್ ಕ್ರೀಕ್ ಬಹಳ ಚೆನ್ನಾಗಿದೆ, ಆದರೆ ಅಲ್ಲಿ ಹುಕಪ್ ಇಲ್ಲ. ಮೊರೊ ಬೇ ರಾಜ್ಯ ಉದ್ಯಾನದಲ್ಲಿ ಕೆಲವು ಜಾಗಗಳಿಗೆ ನೀರು, ವಿದ್ಯುತ್ ಎರಡೂ ಇವೆ. ಪಿಸ್ಮೊ ಬೀಚಿನ ಓಷಿಯಾನೊ ಕ್ಯಾಂಪ್‌ಗ್ರೌಂಡ್‌ನಲ್ಲೂ ಇವೆ. ಇನ್ನೂ ದಕ್ಷಿಣಕ್ಕೆ ಹೋದರೆ ಸಾಂತಾ ಬಾರ್ಬರಾ ದಾಟಿ ಕಾರ್ಪಿಂಟೆರಿಯಾ ಇದೆ. ಮಕ್ಕಳು ನೀರಿಗಿಳಿಯಲು ಈ ಮೂರರಲ್ಲಿ ಕಾರ್ಪಿಂಟೆರಿಯಾವೇ ಮೇಲು; ಅಲ್ಲಿನ ತೀರ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಅಲೆಗಳು ಸೌಮ್ಯ. ಅಲ್ಲಿ ನೆಲದಿಂದಲೇ ಡಾಂಬರು ಒಸರುತ್ತದೆ, ಚುಮಾಷ್ ಎಂಬ ಮೂಲನಿವಾಸಿಗಳು ತಮ್ಮ ಹಲಗೆದೋಣಿಗಳ ಸಂದುಗಳನ್ನು ಅದರಿಂದಲೇ ಮುಚ್ಚುತ್ತಿದ್ದರು. ಅಂಗಾಲಿಗೆ ಮೆತ್ತಿಕೊಂಡ ಆ ಡಾಂಬರು ಸೋಪಿಗೆ ಬಗ್ಗುವುದಿಲ್ಲ. ನನ್ನ ಮಗಳ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ತಿಕ್ಕಿದ ಮೇಲೆ ಕಂದು ನೀರಾಗಿ ಇಳಿದು ಬಂತು. ಆದರೆ ಸನ್ನಿವೇಲ್‌ನಿಂದ ಸುಮಾರು 300 ಮೈಲಿ ದೂರವಾದ್ದರಿಂದ ಹಿರಿಯರಿಗೆ ಅದು ಹೆಚ್ಚಾಗುತ್ತದೆ. ಮೊರೊ ಬೇ 200 ಮೈಲಿಯ ಆಸುಪಾಸಿನಲ್ಲಿದೆ. ನನ್ನ ಆಯ್ಕೆ ಅದೇ.

ಇನ್ನು ಅಡುಗೆ ಮತ್ತು ಹಿರಿಯರ ಅನುಕೂಲ. ಕ್ಲಾಸ್ ಸಿ ಎಂಬ ಬಗೆಯ ಆರ್‌ವಿಯಲ್ಲಿ ಚಾಲಕನ ತಲೆಯ ಮೇಲಿರುವ ಹಾಸಿಗೆಗೆ ಏಣಿ ಹತ್ತಬೇಕು; ಅದು ತಮಗೂ ಮಕ್ಕಳಲ್ಲಿ ದೊಡ್ಡವರಿಗೂ ಇರಲಿ. ಹಿಂಭಾಗದಲ್ಲಿ ಬಾಗಿಲಿರುವ ಮಲಗುವ ಕೋಣೆ, ಅದಕ್ಕೆ ತಾಗಿಯೇ ಬಚ್ಚಲು ಇರುವ ಗಾಡಿಯನ್ನೇ ಕೇಳಿ ಪಡೆಯಿರಿ, ಅದನ್ನು ಅಪ್ಪ ಅಮ್ಮನಿಗೆ ಬಿಡಿ. ಆ ಹಾಸಿಗೆ ಎರಡು ಬದಿಯಿಂದಲೂ ಇಳಿಯುವಂತಿರಬೇಕು. ಮೂಲೆಗೆ ಒತ್ತಿದ್ದರೆ ಅಮ್ಮ ಪ್ರತಿ ಸಲವೂ ಅಪ್ಪನನ್ನು ದಾಟಿ ಇಳಿಯಬೇಕಾಗುತ್ತದೆ. ಹೊರಬಾಗಿಲ ಮೆಟ್ಟಿಲು ಎತ್ತರವಾಗಿರುವುದರಿಂದ ಕೆಳಗೆ ಇಡಲು ಒಂದು ಗಟ್ಟಿ ಮಣೆ ಒಯ್ಯಿರಿ.

ಹುಕಪ್‌ನ 30 ಆಂಪ್ ಸಂಪರ್ಕವೆಂದರೆ 120 ವೋಲ್ಟ್‌ಗೆ 3600 ವ್ಯಾಟ್. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಚಟ್ನಿಯನ್ನೂ ಹುಳಿಗೆ ಬೇಕಾದ ಮಸಾಲೆಯನ್ನೂ ಮನೆಯಲ್ಲೇ ರುಬ್ಬಿ ಒಯ್ಯುವುದು ಒಳ್ಳೆಯದು. ಒಗ್ಗರಣೆಯನ್ನು ಮಾತ್ರ ಗಾಡಿಯೊಳಗೆ ಹಾಕಬೇಡಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತದೆ, ಮಲಗಿದ್ದ ಮಕ್ಕಳು ಹೆದರಿ ಏಳುತ್ತಾರೆ. ಪ್ರತಿ ಜಾಗಕ್ಕೂ ಒಂದು ಮೇಜು ಇರುತ್ತದೆ. ಒಂದು ಸಣ್ಣ ಗ್ಯಾಸ್ ಒಲೆ ಒಯ್ದು ಅದರ ಮೇಲೆ ಮಾಡಿಕೊಳ್ಳಿ. ಅಮ್ಮನವರು ಬೆಳಿಗ್ಗೆ ದೀಪ ಹಚ್ಚುವ ಪದ್ಧತಿ ಇಟ್ಟುಕೊಂಡಿದ್ದರೆ ಅದೂ ಹೊರಗಿನ ಮೇಜಿನ ಮೇಲೇ ಆಗಲಿ, ಗ್ಯಾಸ್ ಸಿಲಿಂಡರ್ ಜೋಡಿಸಿದ ಗಾಡಿಯೊಳಗೆ ಉರಿಯುವ ದೀಪ ಬಿಟ್ಟಿರುವುದು ಅಪಾಯ. ರಾತ್ರಿ ಹೊರಗೆ ಒಂದು ಚೂರು ತಿಂಡಿಯನ್ನೂ ಬಿಡಬೇಡಿ. ರಕೂನ್‌ಗಳು ನಮ್ಮ ಚಕ್ಕುಲಿಯ ಡಬ್ಬಿಯ ಮುಚ್ಚಳ ತೆಗೆದು, ಎಲ್ಲವನ್ನೂ ತಿಂದು, ಡಬ್ಬಿಯನ್ನು ಪೊದೆಯಲ್ಲಿ ಬಿಟ್ಟುಹೋಗಿದ್ದವು.

ಉತ್ತರ 3: ಗಾಜನೂರು (ಸ್ಯಾಕ್ರಮೆಂಟೊ)

ನೀರಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನನ್ನ ಅನುಭವವನ್ನು ಬರೆಯುತ್ತೇನೆ. ಮೊದಲ ಸಲ ಗಾಡಿ ಪಡೆದಾಗ ಬಾಡಿಗೆಯವರು ಹತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಕೀಲಿ ಕೊಟ್ಟರು. ಆರ್‌ವಿಯಲ್ಲಿ ಮೂರು ಟ್ಯಾಂಕುಗಳಿರುತ್ತವೆ: ಶುದ್ಧ ನೀರಿನದು, ಅಡುಗೆಮನೆ ಮತ್ತು ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್, ಶೌಚಾಲಯದ ಬ್ಲ್ಯಾಕ್ ಟ್ಯಾಂಕ್. ನಮ್ಮ ಗಾಡಿಯ ಗ್ರೇ ಟ್ಯಾಂಕ್ ಹಿಂದಿನವರು ಬಿಟ್ಟುಹೋದ ನೀರಿನಿಂದಲೇ ಅರ್ಧ ತುಂಬಿತ್ತೆಂದು ನಮಗೆ ತಿಳಿಯಲಿಲ್ಲ. ಸೂಚಕದ ದೀಪವೂ ಸರಿಯಾಗಿ ತೋರಿಸುತ್ತಿರಲಿಲ್ಲ. ಮೊದಲ ರಾತ್ರಿ ನಾಲ್ವರು ಸ್ನಾನ ಮಾಡಿದೆವು. ಆಮೇಲೆ ನನ್ನ ಹೆಂಡತಿ ಸಿಂಕಿನಲ್ಲಿ ಅಕ್ಕಿ ತೊಳೆಯುತ್ತಿದ್ದಾಗ, ಸ್ನಾನದ ತೊಟ್ಟಿಯ ತೂತಿನಿಂದ ಬೆಳ್ಳಗಿನ ಅಕ್ಕಿನೀರು ಸೋಪಿನ ನೊರೆಯೊಡನೆ ಮೇಲೆ ಬರತೊಡಗಿತು. ಟ್ಯಾಂಕ್ ತುಂಬಿದರೆ ನೀರು ಅತ್ಯಂತ ತಗ್ಗಿನ ತೂತಿನಿಂದ ವಾಪಸು ಬರುತ್ತದೆ ಎಂಬುದು ಆಗ ತಿಳಿಯಿತು. ಕತ್ತಲಲ್ಲಿ ಸಾಮಾನನ್ನೆಲ್ಲ ಮತ್ತೆ ಕಟ್ಟಿ, ಗಾಡಿಯನ್ನು ಕೊಳಕುನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಒಯ್ದೆವು. ಅತ್ತೆಯವರು ಒದ್ದೆಯಾದ ನೆಲದ ಮೇಲೆ ಟವೆಲ್ ಹಾಸಿಕೊಂಡು ಕುಳಿತಿದ್ದ ದೃಶ್ಯ ಇವತ್ತಿಗೂ ನನ್ನನ್ನು ನೋಯಿಸುತ್ತದೆ.

ಆದ್ದರಿಂದ ಗಾಡಿ ತೆಗೆದುಕೊಳ್ಳುವಾಗಲೇ ಕೊಳಕುನೀರಿನ ಎರಡೂ ಟ್ಯಾಂಕುಗಳು ಖಾಲಿಯಿವೆಯೇ ಎಂದು ಕವಾಟ ತೆಗೆಸಿ ನೋಡಿ. ಮೊರೊ ಬೇಯ ಹುಕಪ್‌ನಲ್ಲಿ ನೀರು ವಿದ್ಯುತ್ ಬರುತ್ತವೆಯೇ ಹೊರತು ಕೊಳಕುನೀರು ಹೋಗುವ ಪೈಪು ಅದರಲ್ಲಿ ಸೇರಿಲ್ಲ. ನಲ್ಲಿಯಲ್ಲಿ ನೀರು ಎಷ್ಟಾದರೂ ಬರುತ್ತದೆ ಎಂದು ಬಳಸುತ್ತಾ ಹೋದರೆ ನಮಗಾದದ್ದೇ ಆಗುತ್ತದೆ. ಗಾಡಿಯ ಶವರಿನಿಂದ ನಿಮಿಷಕ್ಕೆ ಏಳೆಂಟು ಲೀಟರ್ ಹರಿದರೆ ಹತ್ತು ನಿಮಿಷದ ಒಂದೇ ಸ್ನಾನಕ್ಕೆ ಎಪ್ಪತ್ತೈದು ಲೀಟರ್ ಆಯಿತು. ಸ್ನಾನಕ್ಕೆ ಕ್ಯಾಂಪ್‌ಗ್ರೌಂಡಿನ ಸ್ನಾನಗೃಹಗಳನ್ನೇ ಬಳಸಿ, ಗಾಡಿಯ ಬಚ್ಚಲನ್ನು ಅಮ್ಮನವರಿಗಾಗಿ, ರಾತ್ರಿಯ ಬಳಕೆಗಾಗಿ ಉಳಿಸಿಕೊಳ್ಳಿ. ಪಾತ್ರೆಗಳನ್ನು ಒಂದು ಟಬ್ಬಿನಲ್ಲಿ ತೊಳೆಯಿರಿ. ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಖಾಲಿ ಮಾಡುವ ಹೊತ್ತಿನವರೆಗೂ ಮುಚ್ಚಿಯೇ ಇಡಬೇಕು; ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್, ನಂತರ ಗ್ರೇ, ಏಕೆಂದರೆ ಸೋಪುನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸುಗಳು ಮರೆಯದಿರಲಿ.

ಸೀಟಿನ ವಿಷಯವನ್ನೂ ಯೋಚಿಸಿ. ಆರು ಜನಕ್ಕೆ ಆರು ಬೆಲ್ಟುಗಳು ಬೇಕು. ಈ ರಾಜ್ಯದಲ್ಲಿ 8 ವರ್ಷಕ್ಕಿಂತ ಚಿಕ್ಕ ಮಕ್ಕಳು ಹಿಂದಿನ ಸೀಟಿನಲ್ಲಿ ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲಿ ಕೂರಬೇಕು. ಆರ್‌ವಿಯ ಊಟದ ಮೇಜಿನ ಬಳಿಯ ಬೆಂಚುಗಳಲ್ಲಿ ಒಂದು ಹಿಮ್ಮುಖವಾಗಿರುತ್ತದೆ, ಕಾರ್ ಸೀಟನ್ನು ಬಿಗಿಯುವ ವ್ಯವಸ್ಥೆ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ನನ್ನ ಸಲಹೆ, ತಮ್ಮ ಕಾರನ್ನೂ ಜೊತೆಗೆ ತನ್ನಿ. ಪತ್ನಿಯವರು, ಅಮ್ಮ ಮತ್ತು ಚಿಕ್ಕ ಮಗು ಕಾರಿನಲ್ಲಿ ಬರಲಿ. ಅಪ್ಪ ಮುಂದಿನ ಸೀಟಿನಲ್ಲಿ ತಮ್ಮ ಜೊತೆ ಆರ್‌ವಿಯಲ್ಲಿ ಕೂರಲಿ. ಆರ್‌ವಿ ನಿಂತಲ್ಲೇ ನಿಲ್ಲುತ್ತದೆ, ಹಾಲು ತರಲೂ ಸುತ್ತಾಡಲೂ ಕಾರಿರುತ್ತದೆ. ಹೀಗಾದರೆ 30 ಅಡಿಯೂ ಬೇಕಾಗಿಲ್ಲ. ಪ್ರತಿ ಜಾಗಕ್ಕೂ ಉದ್ದದ ಮಿತಿ ಇರುವುದರಿಂದ 25 ಅಡಿಯ ಗಾಡಿಗೆ ಆಯ್ಕೆ ಹೆಚ್ಚು ಸಿಗುತ್ತದೆ.

ಉತ್ತರ 4: ಕಡಲಕೂಸು (ಸ್ಯಾನ್ ಲೂಯಿಸ್ ಒಬಿಸ್ಪೊ)

ನಾನು ಉಳ್ಳಾಲದವನು, ಈಗ ಮೊರೊ ಬೇ ಪಕ್ಕದಲ್ಲೇ ಇದ್ದೇನೆ. ಊರಿನಿಂದ ಬರುವವರಿಗೆ ಮೊದಲು ಹೇಳುವ ಮಾತು, ಈ ಕಡಲು ನಮ್ಮ ಕಡಲಲ್ಲ. ಉತ್ತರದಿಂದ ಬರುವ ತಣ್ಣನೆಯ ಪ್ರವಾಹ, ಅದರ ಜೊತೆಗೆ ಗಾಳಿಯ ಒತ್ತಡಕ್ಕೆ ಆಳದಿಂದ ಮೇಲೇಳುವ ನೀರು, ಇವೆರಡರಿಂದ ಬೇಸಿಗೆಯಲ್ಲೂ ನೀರು 13ರಿಂದ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮಲ್ಪೆಯಲ್ಲಿ ಮಾಡಿದಂತೆ ಸೊಂಟದವರೆಗೆ ಇಳಿದು ನಿಲ್ಲಲು ಆಗುವುದಿಲ್ಲ. ಮಕ್ಕಳಿಗೆ ವೆಟ್‌ಸೂಟ್ ಬಾಡಿಗೆಗೆ ಪಡೆದರೆ ಆಡಬಹುದು. ಸಣ್ಣ ಅಲೆಗಳ ನಡುವೆ ಏಕಾಏಕಿ ದೊಡ್ಡ ಅಲೆಯೊಂದು ಬಂದು ಬಂಡೆಯ ಮೇಲಿದ್ದವರನ್ನು ಎಳೆದುಕೊಂಡು ಹೋದ ಘಟನೆಗಳು ಈ ತೀರದಲ್ಲಿ ಆಗುತ್ತಲೇ ಇರುತ್ತವೆ. ಫೋಟೊಗಾಗಿ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ ಎಂದು ಎಲ್ಲರಿಗೂ, ವಿಶೇಷವಾಗಿ ಹಿರಿಯರಿಗೆ, ಮೊದಲೇ ತಿಳಿಸಿ.

ಮೊರೊ ಬೇ ಉದ್ಯಾನದ ಕ್ಯಾಂಪ್‌ಗ್ರೌಂಡ್ ಇರುವುದು ತೆರೆದ ಕಡಲಿನ ಮೇಲಲ್ಲ, ಕೊಲ್ಲಿಯ ದಡದಲ್ಲಿ. ಅಲೆಯ ಸದ್ದು ದೂರದಿಂದ ಮಾತ್ರ ಕೇಳುತ್ತದೆ. ತಮಗೆ ಇದು ಕೊರತೆ ಅನ್ನಿಸಬಹುದು, ಆದರೆ ಗಾಳಿ ಕಡಿಮೆ, ನಡೆಯಲು ಸಮತಟ್ಟು, ಮಂಡಿನೋವಿರುವವರಿಗೆ ಅದೇ ಒಳ್ಳೆಯದು. ಊರಿನ ಇನ್ನೊಂದು ತುದಿಯಲ್ಲಿ ಮೊರೊ ರಾಕ್ ಎಂಬ, ಹಳೆಯ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾಗಿ ಉಳಿದ ದೊಡ್ಡ ಬಂಡೆಯಿದೆ. ಅದರ ಬುಡದವರೆಗೂ ಕಾರು ಹೋಗುತ್ತದೆ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೆ ಕಡಲ ನೀರುನಾಯಿಗಳು ಬೆನ್ನ ಮೇಲೆ ತೇಲುತ್ತಾ, ನೀರಲ್ಲಿ ಕೊಚ್ಚಿಹೋಗದಂತೆ ಕಡಲಪಾಚಿಯ ಎಳೆಗಳನ್ನು ಮೈಗೆ ಸುತ್ತಿಕೊಂಡು ಮಲಗಿರುವುದನ್ನು ನೋಡಬಹುದು. ತಾಯಿ ನೀರುನಾಯಿ ಮರಿಯನ್ನು ಎದೆಯ ಮೇಲೆ ಮಲಗಿಸಿಕೊಂಡು ನೆಕ್ಕುತ್ತಿರುತ್ತದೆ. ನನ್ನ ಅಮ್ಮ ಅಲ್ಲಿ ಒಂದು ಗಂಟೆ ಒಂದೂ ಮಾತಾಡದೆ ಕುಳಿತಿದ್ದರು.

ಒಂದು ದಿನ ಕಾರಿನಲ್ಲಿ ಉತ್ತರಕ್ಕೆ ಪಿಯೆಡ್ರಾಸ್ ಬ್ಲಾಂಕಾಸ್‌ಗೆ ಹೋಗಿ ಬನ್ನಿ, ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಎಲಿಫೆಂಟ್ ಸೀಲ್ ಎಂಬ ಭಾರೀ ಗಾತ್ರದ ಕಡಲಪ್ರಾಣಿಗಳನ್ನು ಮರದ ಅಟ್ಟಣೆಯ ಮೇಲಿನಿಂದ ನೋಡಬಹುದು. ಮರಿ ಹಾಕುವ ಕಾಲ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ. ಸೆಪ್ಟೆಂಬರ್ ಕೊನೆಯಲ್ಲಿ ಎಳೆಯ ವಯಸ್ಸಿನವು ದಡಕ್ಕೆ ಬಂದು ಮಲಗಿರುತ್ತವೆ. ಬಿಗ್ ಸರ್ ದಾರಿಯ ರುಚಿ ನೋಡಲೇಬೇಕೆಂದಿದ್ದರೆ ರಸ್ತೆ ತೆರೆದಿದೆಯೇ ಎಂದು ರಾಜ್ಯದ ರಸ್ತೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಜಾಲತಾಣದಲ್ಲಿ ನೋಡಿಕೊಂಡು, ಪಿಯೆಡ್ರಾಸ್ ಬ್ಲಾಂಕಾಸ್‌ನಿಂದಲೇ ಕಾರಿನಲ್ಲಿ ಇನ್ನೊಂದಿಷ್ಟು ದೂರ ಮುಂದೆ ಹೋಗಿ ವಾಪಸು ಬನ್ನಿ. ಸೌದೆಯನ್ನು ಮನೆಯಿಂದ ತರಬೇಡಿ, ಅದರೊಳಗಿನ ಹುಳು ಇಲ್ಲಿನ ಓಕ್ ಮರಗಳಿಗೆ ಹರಡುತ್ತದೆ, ಇಲ್ಲೇ ಕೊಳ್ಳಿ.

ಪ್ರಶ್ನಿಸಿದವರಿಂದ: ಹೇಮಾವತಿತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಿಪ್ಯಾಪ್ ಯಂತ್ರದ ಬಗ್ಗೆ ಅಬ್ಬಕ್ಕ ಅವರು ಬರೆಯದಿದ್ದರೆ ನಾವು ಹುಕಪ್ ಇಲ್ಲದ ಜಾಗವನ್ನೇ ಹಿಡಿದಿರುತ್ತಿದ್ದೆವು, ಅದನ್ನು ನೆನೆದರೆ ಭಯವಾಗುತ್ತದೆ. ಸೆಪ್ಟೆಂಬರ್ 24ರಿಂದ ನಾಲ್ಕು ರಾತ್ರಿ ಮೊರೊ ಬೇ ಎಂದು ನಿರ್ಧರಿಸಿ, ಹುಕಪ್ ಇರುವ ಜಾಗಗಳ ಸಂಖ್ಯೆಗಳನ್ನೂ ಉದ್ದದ ಮಿತಿಯನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡು, ಇವತ್ತು ಮಾರ್ಚ್ 24ರ ಬೆಳಿಗ್ಗೆ 8ಕ್ಕೆ ನಾನೂ ಪತ್ನಿಯೂ ಎರಡು ಲ್ಯಾಪ್‌ಟಾಪ್‌ಗಳ ಮುಂದೆ ಕುಳಿತೆವು. ಮೊದಲ ಎರಡು ಸಂಖ್ಯೆಗಳು ಕಣ್ಣೆದುರೇ ಕೈತಪ್ಪಿದವು, ಮೂರನೆಯದು ಸಿಕ್ಕಿತು. 25 ಅಡಿಯ ಕ್ಲಾಸ್ ಸಿ ಗಾಡಿಯನ್ನು, ಹಿಂಭಾಗದ ಹಾಸಿಗೆಯ ಎರಡು ಬದಿಯೂ ತೆರೆದಿದೆ ಎಂದು ಖಚಿತಪಡಿಸಿಕೊಂಡೇ ಮಾತಾಡಿದ್ದೇವೆ. ಟ್ಯಾಂಕುಗಳನ್ನು ನಮ್ಮೆದುರು ತೆರೆದು ತೋರಿಸಬೇಕೆಂದೂ ಕೇಳಿದ್ದೇವೆ, ಒಪ್ಪಿದ್ದಾರೆ.

ಅಪ್ಪನಿಗೆ ಫೋನ್ ಮಾಡಿ ತಿಳಿಸಿದೆ. ಕ್ವೆಸ್ಟಾ ಗ್ರೇಡ್ ಬಗ್ಗೆ ಹೇಳಿದಾಗ, ಇಳಿಜಾರು ಎಷ್ಟು ಉದ್ದ, ಮಧ್ಯೆ ತಿರುವುಗಳೆಷ್ಟು, ಗಾಡಿಯ ತೂಕವೆಷ್ಟು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.